ಕೂಲರ್ ಯಾವ ಕಡೆಗಿದೆ?

ಪ್ರಶ್ನೆ: ನನಗೆ 41 ವರ್ಷ. ಯಾದಗಿರಿಯಿಂದ ದಿನಾಲೂ ರೈಲಿನಲ್ಲಿ ಕಲಬುರಗಿಗೆ ಬಂದು, ಕಚೇರಿಯೊಂದರಲ್ಲಿ ಹಳೆಯ ಕಡತಗಳ ವಿವರಗಳನ್ನು ಕಂಪ್ಯೂಟರಿಗೆ ಏರಿಸುತ್ತೇನೆ. ಸೊಂಟದ ಎಡಭಾಗದಲ್ಲಿ ನೋವು. ಮಧ್ಯಾಹ್ನ ಮೂರರ ಹೊತ್ತಿಗೆ ಮೇಜು ಹಿಡಿಯದೆ ಏಳಲಾಗುವುದಿಲ್ಲ. ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಸ್ಕ್ಯಾನಿಂಗ್ ವರದಿಯಲ್ಲಿ ‘ಡಿಸ್ಕ್ ಸವೆದಿದೆ’ ಎಂದಿದೆ. ಮೂರು ತಿಂಗಳಿಂದ ಬೆಲ್ಟ್ ಕಟ್ಟಿಕೊಳ್ಳುತ್ತಿದ್ದೇನೆ. ಹದಿನೆಂಟು ಸಾವಿರದ ಕುರ್ಚಿಯೊಂದನ್ನು ನೋಡಿ ಬಂದಿದ್ದೇನೆ. ಕೊಳ್ಳಲೇ?
– ಹೆಸರು ಬೇಡ, ಯಾದಗಿರಿ

ಉತ್ತರ: ಸದ್ಯಕ್ಕೆ ಬೇಡ. ಮೊದಲು ನನ್ನದೊಂದು ಪ್ರಶ್ನೆ: ನಿಮ್ಮ ಕಚೇರಿಯಲ್ಲಿ ಕೂಲರ್ ಯಾವ ಕಡೆಗಿದೆ?

ಇಪ್ಪತ್ತೆರಡು ವರ್ಷಗಳಿಂದ ಇದೇ ಊರಿನಲ್ಲಿ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ಬಿಸಿಲು 42 ಡಿಗ್ರಿ ದಾಟಿತೆಂದರೆ, ಒಂದೇ ಪಕ್ಕಕ್ಕೆ ಸೊಂಟ ಹಿಡಿದುಕೊಂಡವರು ನನ್ನ ಬಾಗಿಲಿಗೆ ಬರತೊಡಗುತ್ತಾರೆ. ವಿಚಾರಿಸಿದರೆ ಕಥೆ ಒಂದೇ. ಕುರ್ಚಿಯನ್ನು ಗಾಳಿಯತ್ತ ತಿರುಗಿಸಿಕೊಂಡಿರುತ್ತಾರೆ, ಕಂಪ್ಯೂಟರ್ ಮಾತ್ರ ಇದ್ದಲ್ಲೇ ಇರುತ್ತದೆ. ಸೊಂಟ ಕೂಲರಿಗೆ, ಎದೆ ಕೀಬೋರ್ಡಿಗೆ. ಹಿಂಡಿದ ಬಟ್ಟೆಯ ಹಾಗೆ ಎಂಟು ತಾಸು! ನಿಮಗೆ ಇದರ ಜೊತೆ ಕಡತ ಬೇರೆ. ಅದು ಎಡಗಡೆ ಮೇಜಿನ ಮೇಲೆ ಅಂಗಾತ ಬಿದ್ದಿರುತ್ತದೆ, ಸಾಲುಸಾಲಿಗೂ ನೀವು ಬಾಗಿ, ಹೊರಳಿ ಓದುತ್ತಿರುತ್ತೀರಿ ಎಂದು ನನ್ನ ಊಹೆ. ತಪ್ಪಿದ್ದರೆ ಬರೆದು ತಿಳಿಸಿ.

ನನ್ನ ತಂದೆ ಇಲ್ಲಿನ ಗಂಜ್‌ನಲ್ಲಿ ತೊಗರಿ ಅಡತಿ ಅಂಗಡಿಯೊಂದರ ಮುನೀಮರಾಗಿದ್ದರು. ಗಾದಿಯ ಮೇಲೆ ಕುಳಿತು, ಮುಂದೆ ಇಳಿಜಾರಾದ ಪುಟ್ಟ ಮರದ ಮೇಜಿಟ್ಟುಕೊಂಡು ಖಾತೆ ಬರೆಯುತ್ತಿದ್ದರು. ಆ ಇಳಿಜಾರು ಪುಸ್ತಕವನ್ನು ಕಣ್ಣಿನತ್ತ ಎತ್ತಿ ಹಿಡಿಯುತ್ತಿತ್ತು. ಮಾಲು ಬಂದಾಗಲೆಲ್ಲ ಪೆನ್ನು ಕಿವಿಗೆ ಸಿಕ್ಕಿಸಿ ತೂಕ ನೋಡಲು ಏಳುತ್ತಿದ್ದರು. ಅವರ ಸೊಂಟ ಕೊನೆಯವರೆಗೂ ಗಟ್ಟಿಯಾಗಿತ್ತು. ನೋವು ಬಂದದ್ದು ಮೆತ್ತನೆಯ ತಿರುಗುವ ಕುರ್ಚಿಯಲ್ಲಿ ಕುಳಿತು ಓದಿದ ಮಗಳಿಗೆ, ಅಂದರೆ ನನಗೆ.

ಆದ್ದರಿಂದ ಕುರ್ಚಿಯ ಬೆಲೆಗಿಂತ, ಅದರಿಂದ ನೀವು ಎಷ್ಟು ಸಲ ಏಳುತ್ತೀರಿ ಎಂಬುದನ್ನೇ ನಾನು ಕೇಳುವುದು. ಬೆನ್ನುಮೂಳೆಗಳ ನಡುವಿನ ಡಿಸ್ಕಿಗೆ ವಯಸ್ಕರಲ್ಲಿ ನೇರವಾದ ರಕ್ತ ಪೂರೈಕೆ ಬಹುತೇಕ ಇರುವುದಿಲ್ಲ. ಪೋಷಣೆ ಅಕ್ಕಪಕ್ಕದ ಮೂಳೆಯಿಂದ ಒಸರಿ ಬರಬೇಕು. ಒತ್ತಡ ಬಿದ್ದು, ಬಿಟ್ಟು, ಮತ್ತೆ ಬೀಳುತ್ತಿದ್ದರೆ ಒಳಗಿನ ದ್ರವಕ್ಕೆ ಓಡಾಟ. ಕಲ್ಲಿನಂತೆ ಕುಳಿತರೆ ಅದೂ ನಿಂತ ನೀರು. ಅರ್ಧ ತಾಸಿಗೊಮ್ಮೆ ಏಳಿ, ಎರಡು ನಿಮಿಷ ಸಾಕು. ನೀರಿನ ಬಾಟಲಿಯನ್ನು ಮೇಜಿನಿಂದ ತೆಗೆದುಬಿಡಿ. ಈ ಬಿಸಿಲಿನಲ್ಲಿ ಬಾಯಾರಿಕೆಯೇ ನಿಮ್ಮನ್ನು ವರಾಂಡದ ಗಡಿಗೆಯವರೆಗೆ ನಡೆಸುತ್ತದೆ.

ಕೂಲರನ್ನು ಸರಿಸಲಾಗದಿದ್ದರೆ ಕಂಪ್ಯೂಟರನ್ನೇ ತಿರುಗಿಸಿ. ಮೂಗು, ಹೊಕ್ಕುಳು, ಪರದೆ ಒಂದೇ ನೇರಕ್ಕೆ ಬರಲಿ. ಕಡತವನ್ನು ಕೀಬೋರ್ಡಿಗೂ ಪರದೆಗೂ ನಡುವೆ, ಎರಡು ಹಳೆಯ ರಿಜಿಸ್ಟರುಗಳಿಗೆ ಒರಗಿಸಿ ಇಳಿಜಾರಾಗಿ ನಿಲ್ಲಿಸಿ. ಮುನೀಮರ ಮೇಜು ಪುಕ್ಕಟೆ ಸಿಕ್ಕಿತು. ಪಾದ ನೆಲಕ್ಕೆ ತಾಗದಿದ್ದರೆ ಕೆಳಗೆ ಶಹಾಬಾದಿ ಕಲ್ಲಿನ ತುಂಡೊಂದನ್ನು ಹಾಕಿಕೊಳ್ಳಿ, ಅದಕ್ಕೇನು ನಮ್ಮಲ್ಲಿ ಬರವೇ? ಸೊಂಟದ ಗುಳಿಗೆ ಸುತ್ತಿದ ಟವೆಲ್ ಇಡಿ. ಹಿಂದಿನ ಜೇಬಿನ ದಪ್ಪ ಪರ್ಸನ್ನು ಹೊರಗೆ ತೆಗೆದಿಡಿ.

‘ಸವೆತ’ ಎಂಬ ಮಾತಿಗೆ ಹೆದರಿದ್ದೀರಿ, ಪತ್ರದ ಅಕ್ಷರದಲ್ಲೇ ಗೊತ್ತಾಗುತ್ತದೆ. ಬೆನ್ನು ನೋವೇ ಇಲ್ಲದ 3,110 ಜನರ ಸ್ಕ್ಯಾನಿಂಗ್‌ಗಳನ್ನು ಒಟ್ಟುಗೂಡಿಸಿದ ವಿಮರ್ಶೆಯೊಂದು 2015ರಲ್ಲಿ ಪ್ರಕಟವಾಯಿತು. ಇಪ್ಪತ್ತರ ವಯಸ್ಸಿನವರಲ್ಲೇ ನೂರಕ್ಕೆ 37 ಮಂದಿಗೆ, ಎಂಬತ್ತರವರಲ್ಲಿ 96 ಮಂದಿಗೆ ಡಿಸ್ಕ್ ಸವೆದಿತ್ತು, ಆದರೂ ನೋವಿರಲಿಲ್ಲ. ತಲೆನೋವು ಬಂದವರಿಗೆ ಬಿಳಿಗೂದಲು ಕಂಡಿತೆಂದು ಕೂದಲನ್ನು ದೂರುತ್ತೇವೆಯೇ? ಬೆಲ್ಟನ್ನು ದಿನಕ್ಕೆ ಒಂದೊಂದು ತಾಸು ಕಡಿಮೆ ಮಾಡುತ್ತ ಬಿಡಿ. ಆ ಕೆಲಸಕ್ಕೆ ನಿಮ್ಮದೇ ಸ್ನಾಯುಗಳಿವೆ.

ವ್ಯಾಯಾಮ ಒಂದೇ ಹೇಳುತ್ತೇನೆ, ಹತ್ತು ಹೇಳಿದರೆ ಯಾರೂ ಮಾಡುವುದಿಲ್ಲ. ಬೋರಲು ಮಲಗಿ, ಅಂಗೈಗಳನ್ನು ಭುಜದ ಕೆಳಗಿಟ್ಟು, ಸೊಂಟ ನೆಲದಲ್ಲೇ ಇರುವಂತೆ ಎದೆಯನ್ನಷ್ಟೇ ಮೆಲ್ಲಗೆ ಎತ್ತಿ ಇಳಿಸಿ. ಹತ್ತು ಸಲ, ಬೆಳಿಗ್ಗೆ ಮತ್ತು ಸಂಜೆ. 1956ರಲ್ಲಿ ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ ಅವರ ಬಳಿ ಬಂದಿದ್ದ ರೋಗಿಯೊಬ್ಬ, ತಲೆಯ ಕಡೆ ಎತ್ತರಿಸಿ ಬಿಟ್ಟಿದ್ದ ಮಂಚದ ಮೇಲೆ ಗೊತ್ತಿಲ್ಲದೆ ಬೋರಲು ಮಲಗಿಬಿಟ್ಟ. ಬೆನ್ನು ಹಿಂದಕ್ಕೆ ಬಾಗಿ ಆತನ ಕಾಲುನೋವು ಇಳಿಯಿತು. ಅಲ್ಲಿಂದ ಈ ಪದ್ಧತಿ ಬೆಳೆಯಿತು. ಎತ್ತಿದಾಗ ಕಾಲಿನ ನೋವು ಸೊಂಟದತ್ತ ಹಿಂದೆ ಸರಿದರೆ ಒಳ್ಳೆಯ ಲಕ್ಷಣ. ಕಾಲಿನ ಕೆಳಕ್ಕೆ ಹರಿದರೆ ಅಲ್ಲಿಗೇ ನಿಲ್ಲಿಸಿ, ಯಾರಿಗಾದರೂ ತೋರಿಸಿ. ರೈಲಿನಲ್ಲಿ ನಾಲವಾರದಿಂದ ವಾಡಿಯವರೆಗಾದರೂ ನಿಂತು ಬನ್ನಿ ಎನ್ನಬೇಕೆಂದಿದ್ದೆ. ಬಿಟ್ಟ ಸೀಟು ಮತ್ತೆ ಸಿಗುವುದಿಲ್ಲವೆಂದು ನನಗೂ ಗೊತ್ತು, ಅದನ್ನು ನಿಮಗೇ ಬಿಟ್ಟಿದ್ದೇನೆ.

ಪ್ರಶ್ನೆ: ಮನೆಯಿಂದಲೇ ಕಂಪನಿಯ ಕೆಲಸ. ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂಡುತ್ತೇನೆ. ಬೆನ್ನು, ಕುತ್ತಿಗೆ ಎರಡೂ ನೋವು. ‘ನಾವು ನೆಲಕ್ಕೆ ಕುಳಿತು ನಲವತ್ತು ರೊಟ್ಟಿ ಬಡಿದವರು, ನಮಗೇನೂ ಆಗಲಿಲ್ಲ’ ಎನ್ನುತ್ತಾರೆ ಅತ್ತೆ.
– ಓದುಗಳು, ಬಸವಕಲ್ಯಾಣ

ಉತ್ತರ: ತಂಗಿ, ಅತ್ತೆಯವರದು ಅರ್ಧ ನಿಜ. ರೊಟ್ಟಿ ಬಡಿಯುವವರು ಹಿಟ್ಟಿಗೆ ವಾಲುತ್ತಾರೆ, ಹಂಚಿನತ್ತ ತಿರುಗುತ್ತಾರೆ, ನಡುವೆ ನೀರಿಗೆಂದು ಏಳುತ್ತಾರೆ. ನೀವು ಮಂಚದಲ್ಲಿ ಹೂತುಹೋಗಿರುತ್ತೀರಿ. ಲ್ಯಾಪ್‌ಟಾಪಿನ ಹುಟ್ಟುದೋಷವೆಂದರೆ ಪರದೆಯೂ ಕೀಲಿಗಳೂ ಒಂದಕ್ಕೊಂದು ಅಂಟಿರುವುದು; ಕೈಗೆ ಸರಿಯಾದರೆ ಕತ್ತಿಗೆ ತಪ್ಪು. ಅಡುಗೆಮನೆಯ ಜೋಳದ ಡಬ್ಬಿಯ ಮೇಲೆ ಅದನ್ನಿಟ್ಟು ಪರದೆಯ ಮೇಲಂಚನ್ನು ಕಣ್ಣಿನ ಮಟ್ಟಕ್ಕೆ, ಒಂದು ತೋಳಿನ ದೂರಕ್ಕೆ ತನ್ನಿ. ಬೇರೆ ಕೀಬೋರ್ಡ್, ಮೌಸ್ ತರಿಸಿಕೊಳ್ಳಿ. ಮಂಚ ಮಲಗುವುದಕ್ಕೆ. ರೊಟ್ಟಿಯ ವಿಷಯದಲ್ಲಿ ವಾದಕ್ಕೆ ಹೋಗಬೇಡಿ, ಸೋಲುತ್ತೀರಿ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗಾಗಿ ಗ್ರಂಥಾಲಯದಲ್ಲಿ ಹನ್ನೆರಡು ತಾಸು ಕುಳಿತು ಓದುತ್ತೇನೆ. ಎರಡು ದಿನದಿಂದ ಎರಡೂ ಕಾಲು ಜೋಮು ಹಿಡಿದಿವೆ, ಕೂಡುವ ಜಾಗ ಮರಗಟ್ಟಿದಂತಿದೆ, ಮೂತ್ರ ಸರಾಗವಾಗಿ ಹೋಗುತ್ತಿಲ್ಲ. ಯಾವ ಆಸನ ಮಾಡಲಿ?
– ಹೆಸರು ಬೇಡ, ಚಿಂಚೋಳಿ

ಉತ್ತರ: ತಮ್ಮಾ, ಯಾವ ಆಸನವೂ ಬೇಡ. ಬೆನ್ನಿನ ಕೆಳಗಿನ ನರಗಳ ಗೊಂಚಲು ಒತ್ತಿಹೋದಾಗ ಹೀಗಾಗುತ್ತದೆ. ತಡಮಾಡಿದರೆ ಮೂತ್ರದ ಹಿಡಿತವೂ ಕಾಲಿನ ಬಲವೂ ಶಾಶ್ವತವಾಗಿ ಹೋಗಬಹುದು. ಅದೇ ದಿನ ಎಂಆರ್‌ಐ ಆಗಬೇಕು. ಸಂಚಿಕೆ ಅಚ್ಚಾಗುವವರೆಗೆ ಕಾಯುವ ಮಾತಲ್ಲ ಎಂದು ಪತ್ರ ಕೈಸೇರಿದ ಸಂಜೆಯೇ ನಿಮಗೆ ಫೋನ್ ಮಾಡಿದೆ, ನಿಮ್ಮ ಅಣ್ಣ ಆ ರಾತ್ರಿಯೇ ಕಲಬುರಗಿಗೆ ಕರೆತಂದರು. ಇದೇ ಲಕ್ಷಣ ಇದ್ದೂ ಎಣ್ಣೆ ತಿಕ್ಕಿಸಿಕೊಳ್ಳುತ್ತಿರುವವರು ಬೇರೆ ಯಾರಾದರೂ ಇರಬಹುದೆಂದು ಇಲ್ಲಿ ಪ್ರಕಟಿಸಿದ್ದೇನೆ.