ಯಕ್ಷಗಾನಕ್ಕೆ ದಾನಿಗಳಿದ್ದಾರೆ, ಕರೆಂಟ್ ಬಿಲ್ಲಿಗೆ?

ಪ್ರಶ್ನೆ: ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಮುಖ್ಯಸ್ಥರ ಅವಧಿ 2027ರಲ್ಲಿ ಮುಗಿಯುತ್ತದೆ. ಗಟ್ಟಿ ವ್ಯಕ್ತಿಯೊಬ್ಬರು ಬಂದು ಕುಳಿತರೆ ಆ ಸಂಸ್ಥೆ ಸರಿಹೋದೀತೇ? ಮುಂಬಯಿಯ ಗಲ್ಲಿಗಳಲ್ಲಿ ಲಸಿಕೆ ಹಾಕಿದವರು ನೀವು, ಅದಕ್ಕೇ ಕೇಳುತ್ತಿದ್ದೇನೆ.
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಾನು ಬರಿಯ ದಾದಿ, ಆ ಸಂಸ್ಥೆಯ ಕೇಂದ್ರ ಕಚೇರಿಯಿರುವ ಜಿನೀವಾ ನಗರವನ್ನು ಭೂಪಟದಲ್ಲಷ್ಟೇ ಕಂಡವಳು. ಧಾರಾವಿಯಲ್ಲಿ ಹೆಗಲಿಗೆ ಲಸಿಕೆಯ ಡಬ್ಬಿ ನೇತುಹಾಕಿಕೊಂಡು ಪೋಲಿಯೊ ಹನಿ ಹಾಕಿ, ಮಕ್ಕಳ ಎಡಗೈ ಕಿರುಬೆರಳಿಗೆ ಶಾಯಿ ಹಚ್ಚುತ್ತಿದ್ದೆ. ಒಮ್ಮೆ ಒಬ್ಬ ತಾಯಿ ಬಾಗಿಲಲ್ಲೇ ತಡೆದು ಕೇಳಿದಳು: ‘ಸಿಸ್ಟರ್, ಹನಿ ತಿಂಗಳು ತಿಂಗಳೂ ತರುತ್ತೀರಿ. ಮಗುವಿಗೆ ಮೂರು ದಿನದಿಂದ ಭೇದಿ, ಅದಕ್ಕೇನು ತಂದಿದ್ದೀರಿ?’ ನನ್ನ ಚೀಲದಲ್ಲಿ ಒಂದು ಓಆರ್‌ಎಸ್ ಪೊಟ್ಟಣವೂ ಇರಲಿಲ್ಲ. ಪೋಲಿಯೊಗೆ ಬಂದ ಹಣ ಪೋಲಿಯೊಗೇ. ಭಾರತದಲ್ಲಿ ಆ ರೋಗ ತೊಲಗಿತು, 2011ರ ಜನವರಿಯ ನಂತರ ಸಹಜ ಪೋಲಿಯೊ ವೈರಸ್ಸಿನ ಹೊಸ ಪ್ರಕರಣವಿಲ್ಲ. ಅದರಲ್ಲಿ ನನ್ನ ಡಬ್ಬಿಯ ಪಾಲೂ ಇದೆ ಎಂದು ಹೆಮ್ಮೆಯಿದೆ. ಆದರೂ ಆ ತಾಯಿಯ ಮುಖ ಮರೆತಿಲ್ಲ.

ಮುಖ್ಯಸ್ಥರ ಆಯ್ಕೆ ಮೊದಲಿಗಿಂತ ನೆಟ್ಟಗಾಗಿದೆ. ಹಿಂದೆ 34 ಮಂದಿಯ ಕಾರ್ಯಕಾರಿ ಮಂಡಳಿ ಒಂದೇ ಹೆಸರನ್ನು ಮುಂದಿಡುತ್ತಿತ್ತು. 2017ರಲ್ಲಿ ಮೊದಲ ಬಾರಿಗೆ ಮೂವರು ಕಣದಲ್ಲಿ ನಿಂತು ಸದಸ್ಯ ದೇಶಗಳೆಲ್ಲ ಗುಪ್ತವಾಗಿ ಮತ ಹಾಕಿದವು, ಇಥಿಯೋಪಿಯದ ಟೆಡ್ರೋಸ್ ಗೆದ್ದರು. 2022ರಲ್ಲಿ ಅವರಿಗೆ ಎದುರಾಳಿಯೇ ಇರಲಿಲ್ಲ. ಮೂರನೆಯ ಅವಧಿಗೆ ಅವಕಾಶವಿಲ್ಲ. (ನಮ್ಮ ಸಂಘಗಳ ಅಧ್ಯಕ್ಷರು ಈ ಸಾಲನ್ನು ಓದದಿದ್ದರೆ ಒಳ್ಳೆಯದು.)

ಇಕ್ಕಟ್ಟಿರುವುದು ತಿಜೋರಿಯಲ್ಲಿ. 2022ರ ಹೊತ್ತಿಗೆ ದೇಶಗಳ ಕಡ್ಡಾಯ ವಂತಿಗೆ ಬಜೆಟ್ಟಿನ ಐದನೇ ಒಂದು ಪಾಲೂ ಆಗುತ್ತಿರಲಿಲ್ಲ. ಉಳಿದದ್ದೆಲ್ಲ ದಾನ, ಅದರಲ್ಲೂ ಬಹುಪಾಲು ‘ಇಂಥದಕ್ಕೇ’ ಎಂಬ ಚೀಟಿ ಅಂಟಿಸಿಕೊಂಡು ಬಂದದ್ದು. ನಮ್ಮ ಸಂಘದ ಕಥೆಯೂ ಇದೇ: ಯಕ್ಷಗಾನಕ್ಕೆ ಹೋಟೆಲ್ ಮಾಲೀಕರು ಕೈಬಿಚ್ಚಿ ಕೊಡುತ್ತಾರೆ, ಬ್ಯಾನರ್ ಮೇಲೆ ಹೆಸರು ಬರುತ್ತದಲ್ಲ. ವಾಚನಾಲಯದ ಕರೆಂಟ್ ಬಿಲ್ ಕಟ್ಟುವವರಿಲ್ಲ. ದಾನಿಯೊಬ್ಬರು ಮುನಿಸಿಕೊಂಡರೆ ಚೆಂಡೆಯೂ ನಿಲ್ಲುತ್ತದೆ. 2025ರ ಜನವರಿಯಲ್ಲಿ ಅಮೆರಿಕ ಹೊರನಡೆಯುವುದಾಗಿ ಹೇಳಿದಾಗ ಜಿನೀವಾದಲ್ಲಿ ಆದದ್ದೂ ಅದೇ.

2030–31ರ ಹೊತ್ತಿಗೆ ವಂತಿಗೆಯನ್ನು ಮೂಲ ಬಜೆಟ್ಟಿನ (ಸಂಸ್ಥೆಯ ನಿತ್ಯದ ಕೆಲಸಗಳ ಖರ್ಚಿನ) ಅರ್ಧಕ್ಕೆ ಏರಿಸಬೇಕೆಂದು 2022ರಲ್ಲೇ ತೀರ್ಮಾನವಾಗಿದೆ. 2023ರಲ್ಲಿ ಶೇ 20, 2025ರಲ್ಲಿ ಮತ್ತೆ ಶೇ 20 ಏರಿಕೆಗೆ ದೇಶಗಳು ಒಪ್ಪಿವೆ. ನನ್ನ ಮಟ್ಟಿಗೆ ಸುಧಾರಣೆ ಎಂದರೆ ಇದೇ. ಹೊಸಬರು ನಿಜಕ್ಕೂ ಗಟ್ಟಿಯಾಗಿದ್ದರೆ ಭಾಷಣ ಬಿಟ್ಟು ವಸೂಲಿಗೆ ಹೊರಡಲಿ. ನಮ್ಮ ಸಂಘದಲ್ಲಿ ಚಂದಾ ಏರಿಸಲು ಕೈ ಎತ್ತಿದವರಲ್ಲಿ ಅರ್ಧ ಜನ ಇನ್ನೂ ರಸೀದಿ ಹರಿಸಿಕೊಂಡಿಲ್ಲ.