ತೊಗರಿ ಇಲ್ಲಿ, ಹುಡುಗರು ಹೈದರಾಬಾದಿನಲ್ಲಿ

"ಇಷ್ಟು ತೊಗರಿ ಬೆಳೀತೀರಿ, ಸಿಮೆಂಟ್ ಕಾರ್ಖಾನೆಗಳೂ ಇವೆ, ಮತ್ತೆ ನಿಮ್ಮ ಹುಡುಗರು ಯಾಕ್ರೀ ಊರು ಬಿಡ್ತಾರೆ?" ಅಂತ ಕೇಳಿದ್ರಲ್ಲ, ಒಮ್ಮೆ ಜನವರಿಯಲ್ಲಿ, ತೊಗರಿ ಸುಗ್ಗಿಯ ಹೊತ್ತಿಗೆ, ಕಲಬುರಗಿಯ ಗಂಜ್‌ಗೆ, ಅಂದರೆ ಕಾಳುಕಡಿ ಮಾರುಕಟ್ಟೆಗೆ, ಬನ್ನಿ. ಕಾಲಿಡಲು ಜಾಗ ಇರುವುದಿಲ್ಲ.

ಹಿಂದಿನ ಸುಗ್ಗಿಯಲ್ಲಿ ಪರಿಚಯದವರ ದಾಲ್ ಮಿಲ್‌ನಲ್ಲಿ ರಾತ್ರಿ ಮೋಟರ್ ಸುಟ್ಟಿತು. ಎಣ್ಣೆ ಸವರಿ ಬಿಸಿಲಿಗೆ ಹಾಕಿದ್ದ ತೊಗರಿ ಒಣಗಿ, ಒಡೆಯಲು ತಯಾರಿತ್ತು. ವೈಂಡಿಂಗ್ ಮಾಡುವವನು ಇದ್ದದ್ದು ಎರಡು ಓಣಿ ಆಚೆ. ಮರುದಿನ ಮಧ್ಯಾಹ್ನಕ್ಕೆ ಮಿಲ್ ಶುರು! ಅದೇ ಮಿಲ್ ಒಂಟಿಯಾಗಿ ಯಾವುದೋ ಹಳ್ಳಿಯಲ್ಲಿದ್ದರೆ ಮೂರು ದಿನ ಹಾಳು. ಸುತ್ತ ಅಷ್ಟು ಮಿಲ್ ಇರುವುದಕ್ಕೇ ಅವನು ಅಲ್ಲಿ ಅಂಗಡಿ ಹಾಕಿದ್ದು, ಅಲ್ವಾ? ಹಮಾಲರು, ಗೋಣಿಚೀಲದವರು, ಲಾರಿಯವರು, ಮುಂಗಡ ಕೊಡುವ ಅಡತಿಯವರು (ದಲ್ಲಾಳಿಗಳು), ಎಲ್ಲರದೂ ಇದೇ ಲೆಕ್ಕ. ಹೊಟ್ಟೂ ನುಚ್ಚೂ ದನಕ್ಕೆ ಅಂತ ಮಾರಾಟವಾಗುತ್ತವೆ.

ಆದರೆ ಇಷ್ಟೆಲ್ಲ ನಿಂತಿರುವುದು ಒಂದೇ ಕಾಳಿನ ಮೇಲೆ. ಮಳೆ ಕೈಕೊಟ್ಟ ವರ್ಷ ಹಳ್ಳಿಯವರು ಗುಳೆ ಹೊರಡುತ್ತಾರೆ, ವೈಂಡಿಂಗ್‌ನವನೂ ಸುಮ್ನೆ ಕೂರುತ್ತಾನೆ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಜಿಐ, ಅಂದರೆ ಈ ಊರಿನದೇ ಬೇಳೆ ಅನ್ನುವ ಭೌಗೋಳಿಕ ಗುರುತು, ಸಿಕ್ಕಿತು, ಖುಷಿಯೇ. ಹೊರದೇಶದ ತೊಗರಿ ಜಾಸ್ತಿ ಬಂದಾಗ ದರ ಬೀಳುವುದನ್ನು ಅದು ತಡೆಯುವುದಿಲ್ಲ. ಸಿಮೆಂಟಿನ ಕಥೆ ಬೇರೆ. ಸುಣ್ಣದಕಲ್ಲು ಇರುವಲ್ಲೇ, ವಾಡಿ, ಸೇಡಂ ಕಡೆ, ಕಾರ್ಖಾನೆ. ಯಂತ್ರ ಹೆಚ್ಚು, ಜನ ಕಡಿಮೆ.

ಇನ್ನೊಂದು, ನಮ್ಮ ಊರೂರುಗಳ ನಡುವೆಯೇ ನಂಟು ಕಡಿಮೆ. ಕಲಬುರಗಿಯಿಂದ ಪಕ್ಕದ ಬೀದರ್‌ಗೆ ನೇರ ರೈಲು ಹಳಿ ಪೂರ್ತಿಯಾಗಿದ್ದು 2017ರಲ್ಲಿ. ಅಲ್ಲಿಯವರೆಗೆ ರೈಲಿನಲ್ಲಿ ಹೋಗಬೇಕೆಂದರೆ ವಿಕಾರಾಬಾದ್ ಸುತ್ತಬೇಕಿತ್ತು, ಅಂದರೆ ತೆಲಂಗಾಣಕ್ಕೆ ಹೋಗಿ ವಾಪಸ್ ಬರಬೇಕಿತ್ತು! ಬೀದರ್‌ನಿಂದ ಹೈದರಾಬಾದ್ ಸುಮಾರು 140 ಕಿಲೋಮೀಟರ್, ಬೆಂಗಳೂರು 700ರ ಹತ್ತಿರ. ಅಲ್ಲಿಯವರು ದೊಡ್ಡ ಆಸ್ಪತ್ರೆ, ಮದುವೆ ಸೀರೆ, ನೌಕರಿ ಅಂದರೆ ಯಾವ ಕಡೆ ಬಸ್ ಹತ್ತುತ್ತಾರೆ, ನೀವೇ ಹೇಳಿ.

ನನ್ನ ಅಕ್ಕನ ಮಗ ಐಟಿಐ ಫಿಟರ್. ಎರಡು ಸುಗ್ಗಿ ಮಿಲ್‌ನಲ್ಲಿ ದುಡಿದು ಹೈದರಾಬಾದ್ ಸೇರಿದ. "ಇಲ್ಲಿ ಕೆಲಸ ಹೋದ್ರೆ ಮುಂದಿನ ಸುಗ್ಗಿ ಕಾಯಬೇಕು ಮಾಮಾ, ಅಲ್ಲಿ ರಸ್ತೆ ದಾಟಿದ್ರೆ ಇನ್ನೊಂದು ಕಾರ್ಖಾನೆ" ಅಂತಾನೆ. ತಪ್ಪು ಅನ್ನಲು ನನಗೆ ಬಾಯಿ ಬರಲಿಲ್ಲ. ಹಬ್ಬಕ್ಕೆ ಬಂದವನು ಐದು ಕಿಲೋ ಬೇಳೆ ಕಟ್ಟಿಸಿಕೊಂಡು ಹೋಗುತ್ತಾನೆ. ಅಲ್ಲಿ ಸಿಗುವ ಬೇಳೆ ಎಷ್ಟು ಸೀಟಿ ಹೊಡೆಸಿದರೂ ಬೇಯುವುದಿಲ್ಲವಂತೆ.