ಬಡಿ ಅಂದರೆ ಶಾಲೆ

ನೀವು ನಮ್ಮ ಮೇಷ್ಟ್ರ ಬೀಳ್ಕೊಡುಗೆ ಮೆರವಣಿಗೆಗೆ ಊರಿಗೆ ಬಂದಾಗ ಕೇಳಿದ ಪ್ರಶ್ನೆಗೆ ಅವತ್ತು ಉತ್ತರ ಕೊಡಲು ಆಗಲಿಲ್ಲ. ಉರುಮೆ ವಾದ್ಯದ ಸದ್ದಿನಲ್ಲಿ ಮಾತೇ ಕೇಳಿಸುತ್ತಿರಲಿಲ್ಲ. "ಒಬ್ಬ ಪ್ರೈಮರಿ ಸ್ಕೂಲ್ ಮೇಷ್ಟ್ರು ರಿಟೈರ್ ಆದರೆ ಊರಿಗೆ ಊರೇ ಬೀದಿಗೆ ಬರುತ್ತದಾ? ಸಂಬಳ ತಗೊಂಡೇ ಅಲ್ವಾ ಅವರು ಪಾಠ ಮಾಡಿದ್ದು?" ಅಂದಿರಿ. ತಪ್ಪು ಪ್ರಶ್ನೆಯೇನಲ್ಲ. ಆದರೆ ಆ ಜೋಡೆತ್ತಿನ ಗಾಡಿ, ಬಾಳೆಕಂದು, ಮನೆ ಮನೆ ಮುಂದೆ ನಿಂತು ಆರತಿ ಎತ್ತಿದ ಹೆಂಗಸರು, ಇದೆಲ್ಲ ಅರ್ಥವಾಗಬೇಕಾದರೆ ನಮ್ಮ ಸೀಮೆಯ ಬಗ್ಗೆ ಸ್ವಲ್ಪ ಹೇಳಬೇಕು.

ನಮ್ಮದು ಮೊಳಕಾಲ್ಮುರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆಯ ತುತ್ತತುದಿ. ಮೂಡಲಿಗೆ ಆಂಧ್ರದ ರಾಯದುರ್ಗ, ಬಡಗಲಿಗೆ ಬಳ್ಳಾರಿ. ಹಿಂದೆ ನಾವು ಮೈಸೂರು ಸಂಸ್ಥಾನದವರು, ರಾಯದುರ್ಗದವರು ಮದ್ರಾಸಿಗೆ ಸೇರಿದ ಬಳ್ಳಾರಿ ಜಿಲ್ಲೆಯವರು. 1953ರಲ್ಲಿ ಆಂಧ್ರ ರಾಜ್ಯ ಆದಾಗ ರಾಯದುರ್ಗ ಅತ್ತ ಹೋಯಿತು. ಗೆರೆ ಎಳೆದವರು ಮನೆಮನೆಯ ಮಾತು ಕೇಳಿ ಎಳೆಯಲಿಲ್ಲ. ಅತ್ತ ಕಡೆ ಕನ್ನಡ ಮಾತಾಡುವ ಹಳ್ಳಿಗಳು ಉಳಿದವು, ಕನ್ನಡ ಶಾಲೆಗಳೂ ಇವೆ. ಇತ್ತ ನಮ್ಮಲ್ಲಿ ಮನೆಮಾತು ತೆಲುಗು ಇರುವ ಮಂದಿ ಬಹಳ. ಹೆಣ್ಣು ತರುವುದು, ಕೊಡುವುದು, ಸಂತೆ, ಜಾತ್ರೆ ಎಲ್ಲ ಎರಡೂ ಕಡೆ.

ನಮ್ಮ ಮನೆಯಲ್ಲೂ ತೆಲುಗೇ. ಒಂದನೇ ಕ್ಲಾಸಿಗೆ ಹೋಗುವಾಗ ನನಗೆ ಕನ್ನಡ ಬರುತ್ತಿರಲಿಲ್ಲ. ಅವ್ವ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದಳು. ದಾರಿಯಲ್ಲಿ ಯಾರಾದರೂ ಕೇಳಿದರೆ "ಬಡಿಕಿ" ಅನ್ನುತ್ತಿದ್ದೆ. ತೆಲುಗಿನಲ್ಲಿ ಬಡಿ ಅಂದರೆ ಶಾಲೆ. ಕನ್ನಡದಲ್ಲಿ ಬಡಿ ಅಂದರೆ ಏನೆಂದು ನಿಮಗೆ ಗೊತ್ತಿದೆ. ನನಗೆ ಮೊದಲ ವರ್ಷ ಎರಡೂ ಒಂದೇ ಆಗಿತ್ತು. ಆಗಿದ್ದ ಒಬ್ಬ ಮಾಸ್ತರರು ಕನ್ನಡದಲ್ಲಿ ಕೇಳುತ್ತಿದ್ದರು, ನಾವು ಸುಮ್ಮನೆ ನಿಲ್ಲುತ್ತಿದ್ದೆವು, ಬೆತ್ತ ಬೀಳುತ್ತಿತ್ತು. ನಮಗೆ ಉತ್ತರ ಗೊತ್ತಿರಲಿಲ್ಲ ಅಂತಲ್ಲ, ಪ್ರಶ್ನೆಯೇ ತಿಳಿಯುತ್ತಿರಲಿಲ್ಲ. ನನ್ನ ಜೊತೆ ಸೇರಿದ ಹುಡುಗರಲ್ಲಿ ಎಷ್ಟೋ ಮಂದಿ ಆ ವರ್ಷವೇ ಕುರಿ ಹಿಂದೆ ಹೋದರು. ಅವರನ್ನು ದಡ್ಡರು ಅಂತ ಬರೆದುಕೊಂಡರು. ಈ ಮಾತು ನೆನೆದಾಗ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಮರುವರ್ಷ ಬಂದವರೇ ನೀವು ಗಾಡಿಯ ಮೇಲೆ ನೋಡಿದ ಮೇಷ್ಟ್ರು. ಹರಿಹರದ ಕಡೆಯವರು, ಭದ್ರಾ ನಾಲೆಯ ಭತ್ತದ ಸೀಮೆಯವರು. ಅವರಿಗೆ ತೆಲುಗು ಒಂದಕ್ಷರ ಬರುತ್ತಿರಲಿಲ್ಲ. ಬಂದ ಮೊದಲ ವಾರ ಒಬ್ಬ ಹುಡುಗಿ ಗೋಡೆಗೆ ಒರಗಿ ಅಳುತ್ತಾ "ಆಕಲೈತಾಂದಿ, ಆಕಲೈತಾಂದಿ" ಅಂದಳಂತೆ. ಇವರಿಗೆ ತಿಳಿಯಲಿಲ್ಲ. ಹೊಟ್ಟೆನೋವೋ ಏನೋ ಅಂತ ಮನೆಗೆ ಕಳಿಸಿದರು. ಸಂಜೆ ಅಂಗಡಿಯಲ್ಲಿ ವಿಚಾರಿಸಿದಾಗ ಗೊತ್ತಾಯಿತು, ಅದು ಹಸಿವು ಅನ್ನುವ ಮಾತು. ಆಗ ಶಾಲೆಯಲ್ಲಿ ಬಿಸಿಯೂಟ ಇರಲಿಲ್ಲ; ಅಕ್ಷರ ದಾಸೋಹ ನಮ್ಮ ಕಡೆ ಬಂದದ್ದು 2003ರ ಈಚೆ. ಮೇಷ್ಟ್ರು ಅವತ್ತು ರಾತ್ರಿ ಊಟ ಮಾಡಲಿಲ್ಲ ಅಂತ ಅವರಿಗೆ ಮನೆ ಬಾಡಿಗೆ ಕೊಟ್ಟಿದ್ದ ಅಜ್ಜಿ ಎಷ್ಟೋ ವರ್ಷ ಹೇಳುತ್ತಿದ್ದಳು.

ಅಲ್ಲಿಂದ ಅವರು ನಮ್ಮ ಹತ್ತಿರ ತೆಲುಗು ಕಲಿಯಲು ಕೂತರು. ಒಂದು ನೋಟ್ ಪುಸ್ತಕ ಇಟ್ಟರು. ನೀಳ್ಳು ಅಂದರೆ ನೀರು, ಪಲಕ ಅಂದರೆ ಸ್ಲೇಟು. ಎರಡೂ ಭಾಷೆಯಲ್ಲಿದ್ದು ಅರ್ಥ ಬೇರೆ ಇರುವ ಮಾತುಗಳಿಗೆ ಬೇರೆ ಪುಟ: ಕೋಡಿ ನಮಗೆ ಕೋಳಿ, ಕನ್ನಡದಲ್ಲಿ ಕೆರೆ ತುಂಬಿ ಹರಿಯುವ ಜಾಗ. ಪಾಲು ನಮಗೆ ಹಾಲು, ಲೆಕ್ಕದ ಪುಸ್ತಕದಲ್ಲಿ ಹಂಚಿಕೆ. "ಮೂವರಿಗೆ ಸಮಪಾಲು" ಅಂತ ಲೆಕ್ಕ ಹೇಳುವ ಮೊದಲು ಅವರು ನಿಂತು, ಇದು ಕುಡಿಯುವ ಪಾಲಲ್ಲ ಅಂತ ತೆಲುಗಿನಲ್ಲೇ ಬಿಡಿಸಿ ಹೇಳುತ್ತಿದ್ದರು. ಮೂರನೇ ಕ್ಲಾಸು ಮುಗಿಯುವ ಹೊತ್ತಿಗೆ ನಾವೆಲ್ಲ ಕನ್ನಡ ಓದುತ್ತಿದ್ದೆವು. ನನ್ನ ಕನ್ನಡ ಶುರುವಾದದ್ದು ಅವರ ತಪ್ಪು ತೆಲುಗಿನಿಂದ.

ಇನ್ನೊಂದು ಸಂಗತಿ ಗುಳೆ. ನಮ್ಮದು ಮಳೆ ನಂಬಿದ ಶೇಂಗಾ ಬೆಳೆ. ಮುಂಗಾರಿಗೆ ಬಿತ್ತಿ, ದೀಪಾವಳಿ ಆಸುಪಾಸಿಗೆ ಕಿತ್ತು ಮುಗಿಸಿದರೆ ಹೊಲದಲ್ಲಿ ಮತ್ತೆ ಕೆಲಸವಿಲ್ಲ. ಮಳೆ ಕೈಕೊಟ್ಟ ವರ್ಷ ಕೀಳುವುದಕ್ಕೂ ಏನೂ ಇರುವುದಿಲ್ಲ. ಆಗ ಗಂಡ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಮಲೆನಾಡಿಗೆ ಕಾಫಿ ಕೀಳಲೋ, ಬೆಂಗಳೂರಿಗೆ ಗಾರೆ ಕೆಲಸಕ್ಕೋ ಹೊರಡುತ್ತಾರೆ. ವಾಪಸು ಬರುವುದು ಯುಗಾದಿಗೆ. ಮಧ್ಯೆ ಅರ್ಧ ವರ್ಷದ ಪಾಠ ಹೋಯಿತು, ಪರೀಕ್ಷೆಯೂ ಹೋಯಿತು. ಎರಡು ವರ್ಷ ಹೀಗಾದರೆ ಆ ಮಗು ಮತ್ತೆ ಶಾಲೆ ಮೆಟ್ಟಿಲು ಹತ್ತುವುದಿಲ್ಲ, ತನಗಿಂತ ಚಿಕ್ಕವರ ಜೊತೆ ಕೂರಲು ನಾಚಿಕೆ.

ಮೇಷ್ಟ್ರು ಪ್ರತಿ ವರ್ಷ ಶೇಂಗಾ ಕೀಳುವ ಹೊತ್ತಿಗೆ ಸಂಜೆ ಮನೆ ಮನೆ ತಿರುಗುತ್ತಿದ್ದರು. ಯಾರು ಹೊರಡುತ್ತಾರೆ, ಯಾರ ಮನೆಯಲ್ಲಿ ಅಜ್ಜಿ ಇದ್ದಾಳೆ, ಯಾರಿಗೆ ಸೋದರಮಾವ ಇದೇ ಊರಲ್ಲಿದ್ದಾನೆ, ಎಲ್ಲ ಅವರಿಗೆ ಗೊತ್ತು. "ನೀವು ಹೋಗಿ ಬನ್ನಿ ಅಣ್ಣ, ಹುಡುಗನ್ನ ಬಿಟ್ಟು ಹೋಗಿ" ಅನ್ನುತ್ತಿದ್ದರು. ನಮ್ಮ ಮನೆಗೆ ಬಂದಾಗ ನನ್ನಪ್ಪ ಒಪ್ಪಲಿಲ್ಲ. ಎಂಟು ವರ್ಷದ ಹುಡುಗ ತೋಟದಲ್ಲಿ ತಂಗಿಯನ್ನಾದರೂ ನೋಡಿಕೊಳ್ಳುತ್ತಾನೆ, ಊರಲ್ಲಿ ಬಿಟ್ಟರೆ ಅವನ ಊಟಕ್ಕೆ ಬೇರೆ ದಾರಿ ನೋಡಬೇಕು. ಅಪ್ಪನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಮೂರನೇ ದಿನ ಮೇಷ್ಟ್ರು ಒಂದು ಚೀಲ ಜೋಳ ತಂದು ಅಜ್ಜಿಯ ಮುಂದೆ ಇಳಿಸಿದರು. ಮಾತಾಡಲಿಲ್ಲ. ನಾನು ಉಳಿದೆ. ತಂಗಿ ಹೋದಳು. ಅವಳು ಓದಲಿಲ್ಲ, ಈಗ ಮೊಳಕಾಲ್ಮುರಿನಲ್ಲಿ ಮಗ್ಗದ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಾಳೆ. ಅವಳ ಮಗಳು ಹೈಸ್ಕೂಲಿನಲ್ಲಿದ್ದಾಳೆ.

ಹಟ್ಟಿಗಳ ಕಥೆ ಬೇರೆ. ಕಾಡುಗೊಲ್ಲರ ಕೆಲವು ಹಟ್ಟಿಗಳಲ್ಲಿ ಹೆಣ್ಣುಮಕ್ಕಳು ತಿಂಗಳ ದಿನಗಳಲ್ಲಿ ಹೊರಗಿರಬೇಕೆಂಬ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಆ ದಿನಗಳು ಶಾಲೆಗೂ ತಪ್ಪುತ್ತವೆ, ಆಮೇಲೆ ಶಾಲೆಯೇ ತಪ್ಪುತ್ತದೆ. ಅಲ್ಲಿಗೆ ನಡೆದು ಹೋಗಿ, ಹಿರಿಯರ ಮುಂದೆ ಕೂತು, ದೇವರ ವಿಷಯದಲ್ಲಿ ಒಂದು ಹಗುರ ಮಾತೂ ಆಡದೆ, ಹುಡುಗಿಯ ಪರೀಕ್ಷೆಯ ಬಗ್ಗೆ ಮಾತ್ರ ಮಾತಾಡಿ ಒಪ್ಪಿಸಿ ಬಂದ ಟೀಚರಮ್ಮಂದಿರನ್ನು ಬಲ್ಲೆ. ಅವರಿಗೆ ಗಾಡಿ ಕಟ್ಟಿದವರು ಯಾರೂ ಇಲ್ಲ. ಕಟ್ಟಬೇಕಿತ್ತು.

ಗುರುವನ್ನು ಗೌರವಿಸುವುದು ನಮ್ಮ ಸೀಮೆಗೆ ಹೊಸದಲ್ಲ ಅಂತ ಅವತ್ತು ವೇದಿಕೆಯಲ್ಲಿ ಒಬ್ಬರು ಹೇಳಿದ್ದು ನೀವೂ ಕೇಳಿದಿರಿ. ಅದು ಭಾಷಣದ ಮಾತಲ್ಲ, ನಮ್ಮ ತಾಲ್ಲೂಕಿನ ಬಂಡೆಯ ಮೇಲೆ ಬರೆದಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರು ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಬೆಳಕಿಗೆ ತಂದರು. ಬ್ರಹ್ಮಗಿರಿಯ ಬಂಡೆಯಲ್ಲಿ ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಿಗೆ ದಯೆ ತೋರಬೇಕು, ಸತ್ಯ ನುಡಿಯಬೇಕು ಅಂತ ಹೇಳಿ, ಮುಂದೆ "ಅಂತೇವಾಸಿನಾ ಆಚರಿಯೇ ಅಪಚಾಯಿತವಿಯೇ" ಅನ್ನುತ್ತದೆ. ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂದರ್ಥ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಬರೆದವನ ಹೆಸರಿದೆ, ಚಪಡ. ಅವನು ತನ್ನ ಲಿಪಿಕಾರ ಪದವಿಯನ್ನು ಮಾತ್ರ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬರೆದುಕೊಂಡಿದ್ದಾನೆ. ಅಂದರೆ ಇಪ್ಪತ್ತೆರಡು ಶತಮಾನಕ್ಕೂ ಹಿಂದೆ ಬೇರೆ ಸೀಮೆಯ ಅಕ್ಷರ ಬಲ್ಲ ಒಬ್ಬ ನಮ್ಮ ಗುಡ್ಡದ ಬುಡದಲ್ಲಿ ಕೂತು ನಮ್ಮವರಿಗಾಗಿ ಬರೆದ. ಮೇಷ್ಟ್ರು ನಮ್ಮನ್ನು ಅಲ್ಲಿಗೆ ನಡೆಸಿಕೊಂಡು ಹೋಗಿದ್ದರು. ಗೌರವದ ಸಾಲಿಗಿಂತ ಹೆಚ್ಚು ಹೊತ್ತು ಅವರು ತೋರಿಸಿದ್ದು ಚಪಡನ ಹೆಸರನ್ನು.

ಚಳ್ಳಕೆರೆ ದಾರಿಯಲ್ಲಿ ತಳುಕು ಅಂತ ಬೋರ್ಡು ನೋಡಿರುತ್ತೀರಿ. ಮೈಸೂರಿನಲ್ಲಿ ಕನ್ನಡದ ಮೊದಲ ಪ್ರೊಫೆಸರ್ ಆದ ಟಿ.ಎಸ್. ವೆಂಕಣ್ಣಯ್ಯನವರ ಊರು ಅದು. ತತ್ತ್ವಶಾಸ್ತ್ರ ಓದಲು ಹೊರಟಿದ್ದ ಕುವೆಂಪು ಅವರನ್ನು ಕನ್ನಡ ಎಂ.ಎ.ಗೆ ತಿರುಗಿಸಿದವರು. ಕುವೆಂಪು ತಮ್ಮ ಮಹಾಕಾವ್ಯವನ್ನು ಅವರಿಗೇ ಅರ್ಪಿಸಿದರು. ಅಂಥ ಗೌರವ ಎಲ್ಲರಿಗೂ ಸಿಗುವುದಿಲ್ಲ, ನಮ್ಮಂಥವರಿಗೆ ಕೊಡಲೂ ಬರುವುದಿಲ್ಲ. ನಮ್ಮ ಕೈಲಾಗುವುದು ಗಾಡಿ.

ಸಿರಿಗೆರೆಯಲ್ಲಿ ಪ್ರತಿ ವರ್ಷ ಸೆಪ್ಟೆಂಬರ್ 24ಕ್ಕೆ ಜನ ಸೇರುತ್ತಾರೆ. 1992ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿಯವರ ಶ್ರದ್ಧಾಂಜಲಿ. ಪೇಟೆಗೆ ಹೋಗಿ ಓದಲಾಗದ ರೈತರ ಮಕ್ಕಳಿಗೆ ಹತ್ತಾರು ಹಳ್ಳಿಗಳಲ್ಲಿ ಹೈಸ್ಕೂಲು, ಹಾಸ್ಟೆಲ್ಲು ಮಾಡಿದವರು. ಅಲ್ಲಿ ಓದಿದವರೇ ಬಂದು ಕೂರುತ್ತಾರೆ, ಅದಕ್ಕೇ ಆ ನೆನಪು ಬಾಡಿಲ್ಲ. ದಾವಣಗೆರೆಯಲ್ಲಿ ಇನ್ನೊಂದು ತರಹ. ನಾನು ಬಿ.ಎಸ್ಸಿ. ಓದಿದ್ದು ಡಿಆರ್‌ಎಂ ಕಾಲೇಜಿನಲ್ಲಿ. ಆ ಮೂರಕ್ಷರ ಧರ್ಮರತ್ನಾಕರ ರಾಜನಹಳ್ಳಿ ಮದ್ದೂರಾಯಪ್ಪ ಎಂಬ ದಾನಿಯ ಹೆಸರು ಅಂತ ನನಗೆ ತಿಳಿದದ್ದು ಎರಡನೇ ವರ್ಷದಲ್ಲಿ. ದಿನಕ್ಕೆ ಹತ್ತು ಸಲ ಆ ಹೆಸರು ಹೇಳುತ್ತಿದ್ದೆ, ಮನುಷ್ಯನನ್ನು ಮಾತ್ರ ಅರಿತಿರಲಿಲ್ಲ. ಆ ದಿನ ನಾಚಿಕೆಯಾಯಿತು.

ದಾನ ಅಂದರೆ ದೊಡ್ಡವರದ್ದೇ ಅಂತಲೂ ಅಲ್ಲ. ಮಂಗಳೂರಿನಲ್ಲಿ ಕಿತ್ತಳೆ ಮಾರಿ, ತಮ್ಮೂರು ಹರೇಕಳದ ನ್ಯೂಪಡ್ಪುವಿನಲ್ಲಿ ಶಾಲೆ ಮಾಡಿಸಿದ ಹಾಜಬ್ಬ ಅವರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ನಮ್ಮ ಊರಿನ ಬಿಸಿಯೂಟದ ಅಮ್ಮ ಪೇಪರಿನ ಆ ಫೋಟೋ ಕತ್ತರಿಸಿ ಅಡುಗೆ ಕೋಣೆಯ ಗೋಡೆಗೆ ಅಂಟಿಸಿದಳು. ಹಾಜಬ್ಬ ಅವರ ಹಾಗೆ ಅವಳಿಗೂ ಓದು ಬಾರದು. ಯಾವ ಮಗು ಎರಡು ದಿನದಿಂದ ಊಟಕ್ಕೆ ಬಂದಿಲ್ಲ ಅಂತ ಮೇಷ್ಟ್ರಿಗಿಂತ ಮೊದಲು ಹೇಳುವವಳು ಅವಳೇ. ಅದಕ್ಕೇ ಅವತ್ತು ಮೇಷ್ಟ್ರು ತಮಗೆ ಹೊದಿಸಿದ ಶಾಲು ತೆಗೆದು ಅವಳ ಹೆಗಲಿಗೆ ಹಾಕಿದ್ದು. ಅದು ಯಾಕೆ ಅಂತ ನೀವು ಪಕ್ಕದವರನ್ನು ಕೇಳುತ್ತಿದ್ದಿರಿ.

ಮೇಷ್ಟ್ರಿಗೆ ಯಾವ ಪ್ರಶಸ್ತಿಯೂ ಬರಲಿಲ್ಲ. ಅದಕ್ಕೆ ಅವರೇ ಅರ್ಜಿ ಹಾಕಬೇಕು, ತಾವು ಮಾಡಿದ್ದನ್ನು ಫೋಟೋ ಸಮೇತ ಪುಟಗಟ್ಟಲೆ ಬರೆದುಕೊಡಬೇಕು. ಅವರು ಹಾಕಲಿಲ್ಲ. ಒಳ್ಳೆಯ ಕೆಲಸ ಮಾಡಿದವರನ್ನು ಹುಡುಕಿಕೊಂಡು ಹೋಗುವುದು ಗೌರವಿಸುವವರ ಕೆಲಸ ಅಂತ ನನ್ನ ಅಭಿಪ್ರಾಯ. ನಮ್ಮ ಸೀಮೆಯ ಸಂತ ನಾಯಕನಹಟ್ಟಿ ತಿಪ್ಪೇಸ್ವಾಮಿ "ಮಾಡಿದಷ್ಟು ನೀಡು ಭಿಕ್ಷೆ" ಅಂದವರು. ನಮ್ಮ ಕಡೆ ಈ ಮಾತನ್ನು ಕೂಲಿ ಲೆಕ್ಕದಿಂದ ಹಿಡಿದು ಎಲ್ಲದಕ್ಕೂ ಬಳಸುತ್ತೇವೆ. ಮೇಷ್ಟ್ರು ಮಾಡಿದಷ್ಟನ್ನು ನಾವು ಇನ್ನೂ ನೀಡಿಲ್ಲ.

ನೀವು ಊಟ ಮುಗಿಸಿ ಬಸ್ಸಿಗೆ ಹೊರಟ ಮೇಲೆ ಮೇಷ್ಟ್ರು ಹಳೇ ವಿದ್ಯಾರ್ಥಿಗಳನ್ನೆಲ್ಲ ಬೇವಿನ ಮರದ ಕೆಳಗೆ ಕೂರಿಸಿ, "ಈ ವರ್ಷ ಯಾರು ಯಾರು ಹೋಗಿದ್ದಾರೆ?" ಅಂತ ಕೇಳಿದರು. ಒಂದೇ ಮನೆಯ ಇಬ್ಬರು ಕೊಪ್ಪದ ಕಡೆ ತೋಟದಲ್ಲಿದ್ದರು, ಅಕ್ಕ ತಮ್ಮ. ಮೆರವಣಿಗೆಗೆ ಎತ್ತಿದ ಪಟ್ಟಿ ಹಣದಲ್ಲಿ ಸ್ವಲ್ಪ ಉಳಿದಿತ್ತು. ಅದರಲ್ಲಿ ಆ ಮಕ್ಕಳ ಅಜ್ಜಿಗೆ ಎರಡು ಚೀಲ ಜೋಳ ಇಳಿಸಿ ಬಂದೆವು. ಹುಡುಗಿ ಕಳೆದ ವಾರ ವಾಪಸು ಬಂದಿದ್ದಾಳೆ. ಹುಡುಗನನ್ನು ಕಳಿಸಲು ಅವರಪ್ಪ ಇನ್ನೂ ಒಪ್ಪಿಲ್ಲ. ಭಾನುವಾರ ನಾವು ಇಬ್ಬರು ತೋಟಕ್ಕೆ ಹೋಗುತ್ತಿದ್ದೇವೆ, ಮೇಷ್ಟ್ರೂ ಬರುತ್ತೇನೆ ಅಂದಿದ್ದಾರೆ.